ಜಿಂಜಾದಲ್ಲಿ ಕಂಡ ಲೋಟ

ಊರಿಗೆ ವಾಪಸ್ ಬಂದಾಗಿನಿಂದ ಆಫೀಸಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಆಫ್ರಿಕಾಗೆ ಹೋಗಿದ್ರಂತಲ್ಲ, ಭಯ ಆಗ್ಲಿಲ್ವಾ?" ಆಯ್ತು ಸ್ವಾಮಿ, ಭಯ ಆಯ್ತು. ಆದ್ರೆ ಯಾರನ್ನ ನೋಡಿ ಅಂತ ಹೇಳ್ತೀನಿ ಕೇಳಿ.

ನನ್ನ ಅಕ್ಕನ ಮಗ ಉಗಾಂಡದ ಜಿಂಜಾದಲ್ಲಿ ಎಲೆಕ್ಟ್ರಿಷಿಯನ್. ಅವನು ಕರೆದ ಅಂತ ಹತ್ತು ದಿನ ರಜೆ ಹಾಕಿ ಹೋಗಿದ್ದೆ. ರಾಜಧಾನಿ ಕಂಪಾಲಾದಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡೋದು ಇಲ್ಲೇ. ಮುಖ್ಯ ಬೀದಿಯ ಹಳೇ ಅಂಗಡಿಗಳ ನೆತ್ತಿ ಮೇಲೆ ಇಂಡಿಯಾದವರ ಹೆಸರು, ಕಟ್ಟಿದ ಇಸವಿ. ಅಂಗಡಿಗೆ ಅವರು ಅನ್ನೋದು 'ದುಕಾ'. ರಸ್ತೆ ಬದಿಯಲ್ಲಿ ಚಪಾತಿಗೆ ಆಮ್ಲೆಟ್ ಸುತ್ತಿ ಕೊಡ್ತಾರೆ, ಅದರ ಹೆಸರು 'ರೋಲೆಕ್ಸ್'. 1896ರಿಂದ ಮೊಂಬಾಸಾ ಕಡೆಯಿಂದ ರೈಲು ಹಳಿ ಹಾಕೋಕೆ ಬ್ರಿಟಿಷರು ಇಂಡಿಯಾದಿಂದ ಸುಮಾರು 30 ಸಾವಿರ ಕೂಲಿಗಳನ್ನ ಒಯ್ದಿದ್ರು. ಆಮೇಲೆ ವ್ಯಾಪಾರಿಗಳು ಹೋದರು. ನಮ್ಮ ಚಪಾತಿಯನ್ನ ಆ ಜನ ತಮ್ಮದು ಮಾಡಿಕೊಂಡು ಉಣ್ತಿದ್ದಾರೆ.

ಮೊದಲ ದಿನ 'ಬೋಡಾ ಬೋಡಾ' ಹತ್ತಿದೆ. ಬಾಡಿಗೆ ಬೈಕು. ಓಡಿಸೋ ಹುಡುಗ ನನ್ನನ್ನ 'ಬಾಸ್' ಅಂದ. ದಾರಿಲಿ ಮಕ್ಕಳು 'ಮುಯಿಂಡಿ, ಮುಯಿಂಡಿ' ಅಂತ ಕೈ ಬೀಸಿದವು. ಮುಯಿಂಡಿ ಅಂದ್ರೆ ಇಂಡಿಯಾದವನು. ಅಷ್ಟೇ. ಯಾವ ಕೇರಿ, ಯಾರ ಮಗ, ಯಾವ ಕೆಟಗರಿ, ಒಬ್ಬರೂ ಕೇಳಲಿಲ್ಲ. ಸುಳ್ಳು ಹೇಳಲ್ಲ, ಎದೆ ಹಗುರಾಯ್ತು.

ಆ ಹಗುರ ನಾಲ್ಕೇ ದಿನ. ಭಾನುವಾರ ಅಲ್ಲಿನ ಕನ್ನಡದವರೊಬ್ಬರ ಮನೆಗೆ ಊಟಕ್ಕೆ ಹೋದ್ವಿ. ಕೈ ತೊಳೆಯೋಕೆ ಮುಂಚೇನೇ ಶುರುವಾಯ್ತು. "ನಿಮ್ಮ ಪೂರ್ತಿ ಹೆಸರು? ನಿಮ್ಮಲ್ಲಿ ನಾನ್‌ವೆಜ್ ನಡೆಯುತ್ತಾ?" ಸಮುದ್ರ ದಾಟಿದ್ರೂ ಪ್ರಶ್ನೆ ಅದೇ. ನಾನು ನೇರವಾಗಿ ಹೇಳಿದೆ. ಅವರ ಮುಖದಲ್ಲಿ ನಗು ಉಳೀತು, ಮಾತು ನಿಂತುಹೋಯ್ತು.

ಊಟ ಮಾಡಿದ್ದು ಅಲ್ಲಿನ ಒಬ್ಬ ಹೆಣ್ಣುಮಗಳು. ಒಗ್ಗರಣೆ ಸಮೇತ ನಮ್ಮ ಸಾರು ಕಲಿತಿದ್ದಳು. ಬಡಿಸಿ ಆದಮೇಲೆ ಹಿತ್ತಲ ಕಿಟಕಿ ಸರಳಿಗೆ ನೇತುಹಾಕಿದ್ದ ಪ್ಲಾಸ್ಟಿಕ್ ಲೋಟ ತಗೊಂಡು, ಹೊರಗೆ ಮೆಟ್ಟಿಲ ಮೇಲೆ ಕೂತು ಟೀ ಕುಡಿದಳು. ತೊಳೆದು ಮತ್ತೆ ಅಲ್ಲೇ ನೇತುಹಾಕಿದಳು.

ನಮ್ಮೂರ ಹೋಟೆಲಲ್ಲಿ ಅಪ್ಪನ ಲೋಟ ಹೊರಗೋಡೆಯ ಗೂಡಲ್ಲಿ ಇರ್ತಿತ್ತು. ಕುಡಿದು ಅವನೇ ತೊಳೆದು ಇಡಬೇಕಿತ್ತು. ಚಿಕ್ಕವನಾಗಿ ಪಕ್ಕದಲ್ಲಿ ನಿಂತು ನೋಡಿದ್ದೀನಿ. ಅದೇ ಲೋಟ, ನೈಲ್ ದಂಡೆ ಮೇಲೆ!

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ವಾಪಸ್ ಬರುವಾಗ. ಅಕ್ಕನ ಮಗ ಅಂದ, "ಬಿಡಿ ಮಾವ, ಈ ಕರಿಯರನ್ನ ಒಳಗೆ ಬಿಟ್ರೆ ತಲೆ ಮೇಲೆ ಕೂರ್ತಾರೆ. ಸೋಂಬೇರಿಗಳು." ನಾನು ಕೇಳಿದೆ, "ಆ ಲೋಟ ನೋಡಿ ನಿಮ್ಮ ತಾತ ನೆನಪಾಗಲಿಲ್ವೇನೋ?" ಅವನು ಆ ರಾತ್ರಿ ಮಾತಾಡಲಿಲ್ಲ.

ಜಿಂಜಾ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಬಡತನ ಇದೆ, 1986ರಿಂದ ಒಬ್ಬರೇ ಅಧ್ಯಕ್ಷ. 1972ರಲ್ಲಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಏಷ್ಯಾದವರನ್ನ ಓಡಿಸಿದ್ದು ಅನ್ಯಾಯವೇ. ಆ ಕಥೆಯನ್ನ ನಮ್ಮವರು ಕಣ್ಣೀರು ಹಾಕಿ ಹೇಳ್ತಾರೆ, ಹೇಳಲಿ. ಕಿಟಕಿಗೆ ನೇತುಹಾಕಿದ ಲೋಟದ ಕಥೆ ಯಾರು ಹೇಳಬೇಕು? ಜಾತಿ ಇಂಡಿಯಾದವರ ಜೊತೆ ಹಡಗು ಹತ್ತಿ ಲೋಕಕ್ಕೆಲ್ಲ ಹಬ್ಬುತ್ತೆ ಅನ್ನೋ ಎಚ್ಚರಿಕೆ 1916ರಲ್ಲೇ ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿತ್ತು.

"ಎಲ್ಲರೂ ಹಂಗಿಲ್ಲ" ಅಂತ ಕಾಮೆಂಟ್ ಹಾಕೋರಿಗೆ ಒಂದು ನೆನಪು. 2016ರಲ್ಲಿ ನಮ್ಮ ಬೆಂಗಳೂರಲ್ಲೇ, ಯಾರೋ ಮಾಡಿದ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಕೈ ಮಾಡಿತ್ತು. ಚರ್ಮದ ಬಣ್ಣ ಒಂದೇ ಅವಳ ತಪ್ಪು.

ನಮ್ಮ ಹುಡುಗರಿಗೆ ನನ್ನ ಮಾತು ಇಷ್ಟೇ. ಅಮೆರಿಕದ ಕಪ್ಪು ಜನರ ಹೋರಾಟ ನೋಡಿ 1972ರಲ್ಲಿ ಮುಂಬೈನಲ್ಲಿ 'ದಲಿತ್ ಪ್ಯಾಂಥರ್ಸ್' ಅಂತ ಹೆಸರಿಟ್ಟುಕೊಂಡ ಜನ ನಾವು. ಪಾಸ್‌ಪೋರ್ಟ್ ಸಿಕ್ಕ ಕೂಡಲೇ ನಾವೂ ಒಬ್ಬರಿಗೆ 'ಬಾಸ್' ಆಗ್ತೀವಿ. ಆ ದಿನ ನಮ್ಮ ಕೈಯಲ್ಲಿ ಯಾರ ಲೋಟ ಇದೆ ಅಂತ ನೋಡಿಕೊಳ್ಳಿ.

ಅಂದ ಹಾಗೆ, ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಆ ಮನೆಗೆ ಊಟಕ್ಕೆ ಹೋಗೋದು ಬಿಟ್ಟೆ" ಅಂದ. ಸಾಲದು ಕಣೋ, ಆದ್ರೂ ಶುರುವಾಯ್ತಲ್ಲ.

ಜೈಭೀಮ್.