ಬೆಸುಗೆಯ ರಾಳವೂ ಕದಲುವ ಶ್ರುತಿಯೂ

ನಮ್ಮ ಶಾಲೆಯಲ್ಲಿ ಶನಿವಾರಗಳಂದು ಹುಡುಗಿಯರು ಕಾದ ಬೆಸುಗೆ ಕಡ್ಡಿಯನ್ನು ಹಿಡಿದು, ಸಿಂಥಸೈಜರ್ ಎಂಬ ವಿದ್ಯುತ್ ಸ್ವರಯಂತ್ರದ ಫಲಕಗಳನ್ನು ತಾವೇ ಬೆಸೆಯುತ್ತಿರುವದು ಕೆಲವು ಪೋಷಕರಿಗೆ ಸರಿದೋರಲಿಲ್ಲ. ಸುಂಕದಕಟ್ಟೆಯಿಂದ ಪೀಣ್ಯದ ಕಾರ್ಖಾನೆಗೆ ದಿನವೂ ಹೋಗಿ ಇದೇ ಕೆಲಸ ಮಾಡುವ ತಾಯಿಯೊಬ್ಬರು, “ಮಗಳಾದರೂ ಈ ಹೊಗೆಯಿಂದ ಪಾರಾಗಲೆಂದೇ ಶಾಲೆಗೆ ಕಳುಹಿಸುತ್ತೇನೆ” ಅಂದರು. ಇಂಥ ಮಾತಿಗೆ ಗೌರವದಿಂದ ಉತ್ತರ ಕೊಡತಕ್ಕದ್ದು.

ಹೊಗೆಯ ವಿಷಯದಲ್ಲಿ ಆ ತಾಯಿಯ ಮಾತು ನಿಜವೇ. ಅದು ಬಹುಮಟ್ಟಿಗೆ ಪೈನ್ ಮರದ ರಾಳದ ಹೊಗೆ. ದೀರ್ಘಕಾಲ ಉಸಿರಾಡಿದವರಿಗೆ ಉಬ್ಬಸ ತರಬಲ್ಲದು. ಆದುದರಿಂದ ನಮ್ಮ ಮೇಜು ಕಿಟಕಿಯ ಬಳಿಯಲ್ಲಿದೆ, ಹೊಗೆಯನ್ನು ಹೊರಗೆಳೆಯುವ ಫ್ಯಾನೂ ಇದೆ. ತವರದೊಡನೆ ಸೀಸವು ಬೆರೆತಿರುವದರಿಂದ ಕೈತೊಳೆಯದೆ ಯಾರೂ ಊಟಕ್ಕೆ ಕೂಡ್ರುವಂತಿಲ್ಲ.

ಆದರೆ ಕಾರ್ಖಾನೆಯಲ್ಲಿ ಹೆಂಗಸಿನ ಪಾಲಿಗೆ ಬರುವದು ಸಾಲಿನ ಒಂದು ಬೆಸುಗೆ ಮಾತ್ರ. ಯಂತ್ರವು ಯಾಕೆ ನುಡಿಯಲಿಲ್ಲವೆಂದು ಅವಳನ್ನು ಯಾರೂ ಕೇಳುವದಿಲ್ಲ. ನಾನು ಹುಡುಗಿಯರನ್ನು ಕೇಳುವದು ಅದನ್ನೇ.

ತಾಮ್ರದ ಮೇಲಣ ಕಿಲುಬನ್ನು ನೀಗಿಸಿ ತವರವು ಹತ್ತಿಕೊಳ್ಳುವಂತೆ ಮಾಡುವ ಪದಾರ್ಥಕ್ಕೆ ಫ್ಲಕ್ಸ್ ಎಂದು ಹೆಸರು. ಕೆಲಸ ಮುಗಿದ ಮೇಲೆ ಅದು ಜೇನಿನ ಬಣ್ಣದ ಕಲೆಯಾಗಿ ಉಳಿಯುವದು. ಫಲಕವು ಮೂಕವಾದೊಡನೆ ಎಲ್ಲರೂ ದೂರುವದು ಈ ಕಲೆಯನ್ನೇ, ಯಾಕಂದರೆ ಕಣ್ಣಿಗೆ ಮೊದಲು ಬೀಳುವದು ಅದೇ. ಚೆನ್ನಾಗಿ ಕಾದ ರಾಳವು ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡದು. ವರ್ಷಗಟ್ಟಲೆ ಇದ್ದರೂ ಕೇಡಿಲ್ಲ. ಮೂಕ ಫಲಕದಲ್ಲಿ ವಿದ್ಯುತ್ತನ್ನು ನಿಲ್ಲಿಸಿ ಭೂತಗನ್ನಡಿಯಿಂದ ನೋಡಿದರೆ, ಎರಡು ಬಿಂದುಗಳ ನಡುವೆ ತವರದ ಸೇತುವೆಯೋ, ಸರಿಯಾಗಿ ಹತ್ತದ ಬೆಸುಗೆಯೋ, ತಲೆಕೆಳಗಾಗಿ ಕೂತ ಡಯೋಡೋ ಬಹಳ ಸಲ ಸಿಕ್ಕುವದು. ಅದಾದ ಮೇಲೆಯೇ ಮೀಟರು.

ಕಲೆಯನ್ನು ಶಂಕಿಸತಕ್ಕದ್ದು ಯಂತ್ರವು ನುಡಿದೂ ಶ್ರುತಿಯು ಕದಲುವಾಗ. ಈ ಯಂತ್ರಗಳಲ್ಲಿ ಅನೇಕವು ಒಂದು ಸ್ಥಾಯಿಗೆ ಒಂದು ವೋಲ್ಟಿನಂತೆ ನಡೆಯುವವು. ಹನ್ನೆರಡು ಸ್ವರಸ್ಥಾನಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 83 ಮಿಲಿವೋಲ್ಟ್. 5 ಮಿಲಿವೋಲ್ಟ್ ಜಾರಿದರೂ ತಂಬೂರಿಗೆ ಒಗ್ಗಿದ ಕಿವಿ ಮುಖ ಸಿಂಡರಿಸುವದು. “ತೊಳೆಯಬೇಕಿಲ್ಲ” ಎಂದು ಮಾರುವ ಫ್ಲಕ್ಸನ್ನು ಅತಿಯಾಗಿ ಸವರಿ ಅರೆಬರೆ ಕಾಯಿಸಿದರೆ ಆಮ್ಲವು ಉಳಿದು, ಮಳೆಗಾಲದ ತೇವವನ್ನು ಹೀರಿ, ಸೋರುವ ದಾರಿಯಾಗುವದು. ಸ್ವರದ ವೋಲ್ಟನ್ನು ಹಿಡಿದು ನಿಲ್ಲಿಸುವ ಚಿಕ್ಕ ಕೆಪ್ಯಾಸಿಟರಿಗೆ ಅಷ್ಟೇ ಸಾಕು.

ಇಲ್ಲಿ ಹುಡುಗಿಯರು ಬಾಯಿಂದ ಊದಿ ನೋಡುವರು. ಉಸಿರಿಗೆ ಶ್ರುತಿ ಕದಲಿತೆಂದು ಕುಣಿಯುವರು. ಆದರೆ ಉಸಿರಿನಲ್ಲಿ ತೇವವೂ ಇದೆ, ಬಿಸಿಯೂ ಇದೆ. ಟ್ರಾನ್ಸಿಸ್ಟರು ಬಿಸಿಗೂ ಶ್ರುತಿ ಬಿಡುವದು! ಆದುದರಿಂದ ಕೂದಲೊಣಗಿಸುವ ಯಂತ್ರದ ಒಣ ಬಿಸಿಗಾಳಿಯನ್ನೂ ಹಿತವಾಗಿ ತಾಗಿಸಬೇಕು. ಅದಕ್ಕೂ ಹಾಗೆಯೇ ಕದಲಿದರೆ ರಾಳವನ್ನು ದೂರಲು ಆಧಾರ ಸಾಲದು. ಉಸಿರಿಗೆ ಮಾತ್ರ ಕದಲಿದರೆ ತೊಳೆಯಿರಿ. ಎರಡನೆಯ ಪರೀಕ್ಷೆಯನ್ನು ತಾನಾಗಿ ಕೇಳಿದ ಹುಡುಗಿಯನ್ನು, ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದವಳಿಗಿಂತ ಮೇಲೆಂದು ನಾನು ಎಣಿಸುತ್ತೇನೆ.

ತೊಳೆಯುವದೂ ಒಂದು ವಿದ್ಯೆ. ಬೆಸುಗೆ ಕಡ್ಡಿಯನ್ನು ಆರಿಸಿ ದೂರವಿಟ್ಟು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಕುಂಚವಾಡಿಸಿ, ಆರುವ ಮೊದಲೇ ಶುಭ್ರವಾದ ಬಟ್ಟೆಯಿಂದ ಹೀರಿಸಬೇಕು. ಹೀರಿಸದೆ ಬಿಟ್ಟರೆ ಜಿಡ್ಡಿನ ಬಾಣಲೆಗೆ ಒಂದು ಹನಿ ನೀರು ಸವರಿದಂತೆ: ಒಂದು ಕಡೆಯಿದ್ದ ಕಲೆಯು ತೆಳ್ಳಗೆ ಎಲ್ಲೆಡೆ ಹರಡಿ ಬಿಳಿದಾಗಿ ಉಳಿಯುವದು. ತಿರುಗಿಸುವ ಗುಂಡಿಗಳೊಳಗೆ ದ್ರವವು ಇಳಿಯಬಾರದು.

ಸಂಗೀತಕ್ಕೂ ಬೆಸುಗೆಗೂ ಏನು ನಂಟೆಂದು ಕೇಳುವವರಿಗೆ ನಮ್ಮ ಬೆಂಗಳೂರೇ ಉತ್ತರ ಕೊಟ್ಟಿದೆ. ಕೊಳಲು ವಿದ್ವಾಂಸರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕಡೆಯಿಂದ ಇಲ್ಲಿ ವಿದ್ಯುತ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದರು. ಅವರ ರಾಡೆಲ್ ಪೆಟ್ಟಿಗೆಗಳನ್ನು ಎಷ್ಟೋ ಮನೆಗಳ ಸಂಗೀತಪಾಠದಲ್ಲಿ ಕೇಳಬಹುದು.

ಕಾರ್ಖಾನೆಗಳಲ್ಲಿ ಬೆಸೆಯುವ ತಾಯಂದಿರಲ್ಲಿಯೂ ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ನನ್ನ ಕೋರಿಕೆಯೇನಂದರೆ, ತಿಂಗಳಿಗೊಂದು ಶನಿವಾರ ಬಂದು ನಮ್ಮ ಹುಡುಗಿಯರ ಕೈ ತಿದ್ದಿರಿ. ನಿಮ್ಮಷ್ಟು ಚೊಕ್ಕಟವಾಗಿ ಬೆಸೆಯುವವರು ನಮ್ಮ ಉಪಾಧ್ಯಾಯಿನಿಯರಲ್ಲಿ ಯಾರೂ ಇಲ್ಲ. ಮನೆಯಲ್ಲಿ ಕೆಟ್ಟುಬಿದ್ದ ರೇಡಿಯೋ ಇದ್ದರೆ ಗುಜರಿಗೆ ಹಾಕದೆ ಜೊತೆಗೆ ತನ್ನಿರಿ.