"ಎಲ್ಲಾ ವೆಜ್ ಇಟ್ಬಿಡೋಣ" ಅನ್ನೋದು ಉಪಕಾರ ಅಲ್ಲ ಕಣ್ರಪ್ಪ

(ಕ್ಯಾಪ್ಷನ್ 1/4)
ಫೋಟೋದ ಬಲ ತುದಿಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ ನೋಡಿ. ಉಳಿದ ಪಾತ್ರೆಗಳೆಲ್ಲ ಖಾಲಿ, ಅದರ ಮುಚ್ಚಳ ಮಾತ್ರ ಹಾಕಿದ್ದು ಹಾಕಿದ ಹಾಗೇ ಇದೆ. ಹೋದ ತಿಂಗಳು ತಾಂಡ್ಯದಲ್ಲಿ ನಮ್ಮನೆ ಮಹಡಿ ಮೇಲೆ ಹನ್ನೊಂದು ಜನ ಸೇರಿ ಪಾಟ್‌ಲಕ್ ಮಾಡಿದ್ವಲ್ಲ, ಆವತ್ತಿನದು. ಈ ಫೋಟೋಗೆ ನೀವೆಲ್ಲ ಹಾರ್ಟ್ ಒತ್ತಿದ್ರಿ, "ಫ್ರೆಂಡ್‌ಶಿಪ್ ಅಂದ್ರೆ ಇದು" ಅಂತ ಕಮೆಂಟ್ ಹಾಕಿದ್ರಿ. ಡಬ್ಬಿ ಬಗ್ಗೆ ಒಬ್ಬರೂ ಕೇಳಲಿಲ್ಲ.

ಅದರಲ್ಲಿ ಇದ್ದದ್ದು ಕೋಳಿ ಸಾರು. ತಿ. ನರಸೀಪುರದ ಕಡೆಯ ನಮ್ಮ ಕ್ಲಾಸ್‌ಮೇಟ್ ಎರಡು ಬಸ್ ಬದಲಾಯಿಸಿ, ಡಬ್ಬಿಯನ್ನ ತೊಡೆ ಮೇಲೆ ಇಟ್ಕೊಂಡು ತಂದಿದ್ದಳು. ಅವಳಮ್ಮ ಬೆಳಗ್ಗೆ ಐದಕ್ಕೇ ಎದ್ದು ಖಾರ ರುಬ್ಬಿ ಮಾಡಿದ್ದು. ಹಿಂದಿನ ರಾತ್ರಿ ಹನ್ನೊಂದಕ್ಕೆ ಗ್ರೂಪಲ್ಲಿ ಯಾರೋ "ಎಲ್ರಿಗೂ ಆಗ್ಲಿ, ಎಲ್ಲಾ ವೆಜ್ ಇಟ್ಬಿಡೋಣ" ಅಂತ ಹಾಕಿದ್ದು, ಏಳು ಜನ ಹೆಬ್ಬೆಟ್ಟು ಎತ್ತಿದ್ದು ಅವಳಿಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು. "ಪರ್ವಾಗಿಲ್ಲ, ಮನೆಗೆ ಆಗುತ್ತೆ" ಅಂದಳು. ಚಿತ್ರಾನ್ನ ಎರಡು ತುತ್ತು ತಿಂದು, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದಳು.

ಆ "ಯಾರೋ" ನಾನೇ. ಅದಕ್ಕೇ ಇಷ್ಟುದ್ದ ಬರೀತಿರೋದು.

(ಕ್ಯಾಪ್ಷನ್ 2/4)
ನನಗೆ ನಾನೇ ಹೇಳ್ಕೊಂಡಿದ್ದ ಸಮಾಧಾನ ಇದು: ವೆಜ್ ಆದ್ರೆ ಎಲ್ಲರೂ ತಿಂತಾರೆ, ಯಾರಿಗೂ ತೊಂದರೆ ಇಲ್ಲ. ಈಗ ನೀವು ಹೇಳಿ, ತೊಂದರೆ ಯಾರಿಗೆ ಆಯ್ತು? ಬಿಟ್ಟುಕೊಟ್ಟವರು ಯಾರು? ನಮ್ಮ ಕರ್ನಾಟಕದಲ್ಲಿ ಬಾಡು ತಿನ್ನೋ ಮನೆಗಳೇ ಹೆಚ್ಚು. ಆದ್ರೂ "ಅಡ್ಜಸ್ಟ್" ಮಾಡ್ಕೊಳ್ಳೋದು ಮಾತ್ರ ಪ್ರತಿ ಸಲ ಅದೇ ಮನೆಯವರು. ಇದು ಬರೀ ರುಚಿಯ ಮಾತಲ್ಲ. ಯಾವ ಅಡುಗೆ "ಕಾಮನ್", ಯಾವ ಅಡುಗೆ ಮುಚ್ಚಿಡಬೇಕಾದ್ದು ಅನ್ನೋದರ ಹಿಂದೆ ಜಾತಿ ಇದೆ. ನಮಗೆಲ್ಲ ಗೊತ್ತು, ಬಾಯಿ ಬಿಡಲ್ಲ ಅಷ್ಟೇ.

2024ರ ಡಿಸೆಂಬರಿನಲ್ಲಿ ಪಕ್ಕದ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ಆಯ್ತಲ್ಲ, 87ನೇದು. ಅಲ್ಲಿನ ಸೂಚನೆಯಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿ ನಿಷೇಧ ಅಂತ ಬರೆದಿದ್ದರು. ಸಿಗರೇಟಿನ ಪಕ್ಕ ನಮ್ಮಮ್ಮನ ಸಾರು! ಜನ ಸಿಟ್ಟಾಗಿ ಬಾಡೂಟ ಬೇಕು ಅಂತ ದನಿ ಎತ್ತಿದರು. ಆಗ ನಾನೂ ಸ್ಟೋರಿ ಹಾಕಿದ್ದೆ. ಮಹಡಿ ಮೇಲೆ ಅದೇ ಸೂಚನೆಯನ್ನ ನಾನೇ ಹೊರಡಿಸಿದ್ದು ಮಾತ್ರ ಗೊತ್ತೇ ಆಗಲಿಲ್ಲ.

ಮಠದ ದಾಸೋಹಕ್ಕೆ ಹೋದರೆ ಮಠದ ಕ್ರಮ, ಸರಿ. ಸುತ್ತೂರು ಜಾತ್ರೆಯಲ್ಲಿ ಸಾಲಾಗಿ ಕೂತು ಉಂಡು ಬರ್ತೀವಿ, ಅಲ್ಲಿ ಯಾರೂ ಬಾಡು ಕೇಳಲ್ಲ. ಪಾಟ್‌ಲಕ್ ಹಾಗಲ್ಲ. ಅವರವರ ಮನೇಲಿ ಬೆಂದದ್ದನ್ನ ತನ್ನಿ ಅಂತ ಕರೆದದ್ದೇ ನಾವು. ಸೋಮವಾರ ನಂಜುಂಡೇಶ್ವರನ ದಿನ ಅಂತ ನಮ್ಮ ಕಡೆ ಬಾಡು ತಿನ್ನೋ ಎಷ್ಟೋ ಮನೆಯವರೂ ಅವತ್ತು ಬೇಯಿಸಲ್ಲ. ಹಾಗಂತ ಪಕ್ಕದ ಮನೆ ಒಲೆ ಆರಿಸೋಕೆ ಹೋಗ್ತಾರಾ?

(ಕ್ಯಾಪ್ಷನ್ 3/4)
ಇನ್ನೂ ತಮಾಷೆ ಕೇಳಿ. "ಎಲ್ಲಾ ವೆಜ್" ಮಾಡಿದ್ದರಿಂದ ನಿಜವಾಗಿ ಪಥ್ಯ ಇದ್ದವನಿಗೆ ಏನಾದ್ರೂ ಸಿಕ್ತಾ? ಇಲ್ಲ.

ನಮ್ಮಲ್ಲಿ ಒಬ್ಬನಿಗೆ ಸೀಲಿಯಾಕ್ ಇದೆ. ಗೋಧಿ, ಬಾರ್ಲಿಯಲ್ಲಿರೋ ಗ್ಲುಟೆನ್ ಹೊಟ್ಟೆಗೆ ಹೋದರೆ ಅವನ ಸಣ್ಣ ಕರುಳಿನ ಒಳಪದರವೇ ಕೆಡುತ್ತೆ. ಅದಕ್ಕೆ ಮದ್ದು ಅಂದ್ರೆ ಜೀವನಪೂರ್ತಿ ಗ್ಲುಟೆನ್ ಬಿಡೋದೇ. ಆವತ್ತು ಏನಿತ್ತು? ಚಪಾತಿ, ನೂಡಲ್ಸ್, ಶಾವಿಗೆ ಪಾಯಸ, ಕೇಕು. ಅನ್ನ ಸಾಂಬಾರ್ ತಿನ್ನು ಅಂದ್ವಿ. ಸಾಂಬಾರಿಗೆ ಇಂಗಿನ ಒಗ್ಗರಣೆ. ಅಂಗಡಿಯ ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರ್ತಾರೆ, ಬೇಕಾದ್ರೆ ಈಗಲೇ ಅಡುಗೆಮನೆಗೆ ಹೋಗಿ ಡಬ್ಬಿ ತಿರುಗಿಸಿ ಓದಿ. ಅವನು ಓದಿದ್ದ, ನಾವು ಓದಿರಲಿಲ್ಲ. "ಸ್ವಲ್ಪ ತಿಂದ್ರೆ ಏನಾಗಲ್ಲ ಬಾ ಮಗಾ" ಅಂತ ಬೇರೆ ಬಲವಂತ ಮಾಡಿದ್ವಿ. ಅವನು ತಿಂದಿದ್ದು ಎರಡು ಬಾಳೆಹಣ್ಣು. (ನಂಜನಗೂಡು ರಸಬಾಳೆಯೂ ಅಲ್ಲ, ಬರೀ ಪಚ್ಚಬಾಳೆ.)

ಅವನಿಗೆ ಆಗೋ ಊಟ ಅಪರೂಪದ್ದೇನಲ್ಲ ಕಣ್ರೋ. ರಾಗಿ ಮುದ್ದೆ, ಅಕ್ಕಿ ರೊಟ್ಟಿ, ಹುರುಳಿಕಾಳು ಸಾರು, ಉಪ್ಪೆಸರು. ನಮ್ಮಜ್ಜಿ ಕಾಲದ ಊಟವೇ ಅವನ ಪಥ್ಯ. ಮುಚ್ಚಿಟ್ಟಿದ್ದ ಆ ಕೋಳಿ ಸಾರಿಗೂ ಇಂಗು ಬಿದ್ದಿರಲಿಲ್ಲ ಅಂತ ಆಮೇಲೆ ತಿಳೀತು. ಹನ್ನೊಂದು ಜನರ ಅಡುಗೆಯಲ್ಲಿ ಅವನು ನೆಮ್ಮದಿಯಾಗಿ ತಿನ್ನಬಹುದಾಗಿದ್ದ ಒಂದೇ ಸಾರು ಅದು.

ಹಸಿರು ಚುಕ್ಕಿ ಹೇಳೋದು ಇದು ಸಸ್ಯಾಹಾರ ಅಂತ ಅಷ್ಟೇ. ಒಳಗೆ ಕಡಲೆಬೀಜ ಇದೆಯೋ, ಗೋಧಿ ಇದೆಯೋ ಅದು ಹೇಳಲ್ಲ. ಅದನ್ನ ಪ್ಯಾಕೆಟ್ಟಿನ ಹಿಂದೆ ಬೇರೆ ಬರೀಬೇಕು ಅಂತ ಕಾನೂನೇ ಇದೆ. ನಮ್ಮ ಡಬ್ಬಿಗಳ ಮೇಲೆ ಬರೆಯೋರು ಯಾರು?

(ಕ್ಯಾಪ್ಷನ್ 4/4)
"ವೆಜ್‌ನವರ ಪಕ್ಕ ಬಾಡು ಇಟ್ರೆ ಅವರಿಗೆ ಕಷ್ಟ ಅಲ್ವಾ?" ಅಂತ ಡಿಎಂ ಮಾಡೋರಿಗೆ: ಹೌದು, ಕೆಲವರಿಗೆ ಕಷ್ಟ ಆಗುತ್ತೆ, ನಾನು ಆಡ್ಕೊಳ್ಳಲ್ಲ. ಬೇರೆ ಮೇಜು ಹಾಕಿ. ಬೇರೆ ಸೌಟು ಇಡಿ, ಒಂದರ ಸೌಟು ಇನ್ನೊಂದಕ್ಕೆ ಹೋಗಬಾರದು. ಕಬಾಬ್ ಕರಿದ ಎಣ್ಣೆಯಲ್ಲೇ ಬಜ್ಜಿ ಕರಿದು "ಇದು ವೆಜ್" ಅಂತ ಕೊಡಬೇಡಿ, ಅದು ಮೋಸ. ಹಲಾಲ್ ಅಲ್ಲದ ಕೋಳಿ ಆದ್ರೆ ಮುಂಚೆನೇ ಹೇಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಜೈನ್ ಗೆಳತಿಗೆ ಒಂದು ಪಲ್ಯ ತೆಗೆದಿಡೋದು ಎಷ್ಟೊತ್ತಿನ ಕೆಲಸ? ಅವರವರ ಪಥ್ಯ ಅವರವರ ತಟ್ಟೆಗೆ. ಆ ತಟ್ಟೆಗೆ ಬೇಡದ್ದು ಬೀಳದ ಹಾಗೆ ನೋಡ್ಕೊಳ್ಳೋದು ಕರೆದವರ ಜವಾಬ್ದಾರಿ. ಇನ್ನೊಬ್ಬರ ಡಬ್ಬಿ ಮುಚ್ಚಿಸೋ ಹಕ್ಕು ಇಬ್ಬರಿಗೂ ಇಲ್ಲ.

ಸರ್ಕಾರಿ ಶಾಲೆಯಲ್ಲಿ ಇದನ್ನ ಮಾಡಿ ತೋರಿಸಿದ್ದಾರೆ. 2021ರ ಡಿಸೆಂಬರಿನಲ್ಲಿ ಮೊದಲು ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಎಷ್ಟು ಗಲಾಟೆ! ಕೆಲವು ಮಠಾಧೀಶರೂ ವಿರೋಧ ಮಾಡಿದರು. ಆದ್ರೆ ಮೊಟ್ಟೆ ತಿನ್ನೋ ಮಗುವಿಗೆ ಮೊಟ್ಟೆ, ಬೇಡ ಅನ್ನೋ ಮಗುವಿಗೆ ಬಾಳೆಹಣ್ಣು ಅಂತ ಕೊಟ್ಟರು. ಆಮೇಲೆ ಎಲ್ಲಾ ಜಿಲ್ಲೆಗೂ ಬಂತು. ಮಕ್ಕಳು ಪಕ್ಕಪಕ್ಕದಲ್ಲೇ ಕೂತು ತಿಂತಿದ್ದಾರೆ. ಡಿಗ್ರಿ ಓದೋ ನಮಗೆ ಆಗಲ್ವಾ?

ಬರೋ ಭಾನುವಾರ ಮತ್ತೆ ನಮ್ಮನೆ ಮಹಡಿ. ತರೋ ಅಡುಗೆ ಹೆಸರು, ಅದಕ್ಕೆ ಏನೇನು ಹಾಕ್ತೀರಿ ಅನ್ನೋದು ಶುಕ್ರವಾರದ ಒಳಗೆ ಗ್ರೂಪಲ್ಲಿ ಹಾಕಿ. ಡಬ್ಬಿಗೆ ಅಂಟಿಸೋಕೆ ಚೀಟಿ, ಪೆನ್ನು ನಾನು ಇಟ್ಟಿರ್ತೀನಿ. ಯಾಕೆ ತಿನ್ನಲ್ಲ ಅಂತ ಯಾರನ್ನೂ ಕೇಳಂಗಿಲ್ಲ. ನಾನು ಮುದ್ದೆ, ಬಸ್ಸಾರು ಮಾಡ್ತೀನಿ, ಇಂಗು ಹಾಕಲ್ಲ.

ಸ್ಟೀಲ್ ಡಬ್ಬಿಯವಳಿಗೆ ನಿನ್ನೆ ಫೋನ್ ಮಾಡಿ ತಪ್ಪಾಯ್ತು ಅಂದೆ. ಕೋಳಿ ಸಾರು ತಗೊಂಡೇ ಬಾ ಅಂದೆ. "ನೋಡ್ತೀನಿ, ಅಮ್ಮನ್ನ ಕೇಳ್ಬೇಕು" ಅಂದಳು. ಇನ್ನೂ ಮೆಸೇಜ್ ಬಂದಿಲ್ಲ.

#ತಾಂಡ್ಯ #ನಂಜನಗೂಡು #ತಿನರಸೀಪುರ #ಪಾಟ್‌ಲಕ್