ಕೆಟ್ಟದ್ದು ಯಾವುದೆಂದು ಹುಡುಕಿದ್ದಕ್ಕೂ ಕೂಲಿ ಕೊಡೋಣ

ಮೋಟೋಕ್ರಾಸ್ ಬೈಕಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಗಂಟೆಯ ಲೆಕ್ಕ. ಇಷ್ಟು ಗಂಟೆ ಓಡಿದ ಮೇಲೆ ಪಿಸ್ಟನ್ ಮತ್ತು ರಿಂಗ್ ಬದಲಿಸಬೇಕು, ಇಷ್ಟು ಗಂಟೆಗೆ ಕ್ರ್ಯಾಂಕ್ ನೋಡಬೇಕು ಎಂದು ಕಂಪನಿಯ ಕೈಪಿಡಿಯಲ್ಲೇ ಬರೆದಿರುತ್ತದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸಕ್ಕೂ ಗಂಟೆಯದೇ ಲೆಕ್ಕ. ದೋಷ ಎಲ್ಲಿದೆ ಎಂದು ಎರಡು ದಿನ ಹುಡುಕಿ, ಕೊನೆಗೆ ಒಂದೇ ಒಂದು ಸಾಲು ತಿದ್ದಿದರೂ ಎರಡು ದಿನದ ಬಿಲ್ ಗ್ರಾಹಕರಿಗೆ ಹೋಗುತ್ತದೆ. ಯಾರೂ ತಕರಾರು ಮಾಡುವುದಿಲ್ಲ. ಆದರೆ ಅದೇ ಬೈಕ್ ರಿಪೇರಿ ಮಾಡುವ ಮೆಕ್ಯಾನಿಕ್‌ನ ಗಂಟೆಗೆ ಮಾತ್ರ ನಮ್ಮಲ್ಲಿ ಬೆಲೆಯೇ ಇಲ್ಲ.

ನಾವು ಮೂವರು ಸಹೋದ್ಯೋಗಿಗಳು ಸೇರಿ ಒಂದು ಹಳೆಯ 125 ಸಿಸಿ ಟೂ-ಸ್ಟ್ರೋಕ್ ಮೋಟೋಕ್ರಾಸ್ ಬೈಕ್ ಇಟ್ಟುಕೊಂಡಿದ್ದೇವೆ. ರಸ್ತೆಗೆ ಇಳಿಸುವ ಗಾಡಿಯಲ್ಲ. ಭಾನುವಾರ ಪಿಕಪ್‌ನಲ್ಲಿ ಹಾಕಿಕೊಂಡು ಊರ ಹೊರಗಿನ ಖಾಸಗಿ ಮಣ್ಣಿನ ಟ್ರ್ಯಾಕ್‌ಗೆ ಒಯ್ಯುತ್ತೇವೆ. ಹಿಂದಿನ ವರ್ಷ ಅದಕ್ಕೊಂದು ಕಾಯಿಲೆ ಬಂತು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯುತ್ತಿರಲಿಲ್ಲ, ತಾನಾಗಿಯೇ ಕಿರುಚುತ್ತಿತ್ತು. ಮೊದಲು ಒಯ್ದ ವರ್ಕ್‌ಶಾಪ್‌ನಲ್ಲಿ ಪ್ಲಗ್ ಬದಲಾಯಿತು, ಕೇಬಲ್ ಬದಲಾಯಿತು, ಕೊನೆಗೆ ಕಾರ್ಬ್ಯುರೇಟರನ್ನೇ ಬದಲಿಸಿದರು. ಬಿಲ್ ಒಂಬತ್ತು ಸಾವಿರ ದಾಟಿತು. ಕಾಯಿಲೆ ಹಾಗೆಯೇ ಉಳಿಯಿತು.

ಆಮೇಲೆ ಹೋದದ್ದು ಕೋಡಂಬಾಕ್ಕಂನಲ್ಲಿ, ನಾನಿರುವ ಬೀದಿಯ ಹಿಂದೆಯೇ ಇರುವ ಒಂದು ಸಣ್ಣ ಶೆಡ್‌ಗೆ. ಅಲ್ಲಿಯ ಅಣ್ಣನಿಗೆ ಅರವತ್ತರ ಹತ್ತಿರ. ಮದರಾಸಿನ ಬೈಕ್ ರೇಸ್‌ಗಳು ಶೋಳಾವರಂನ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ಕಾಲದಲ್ಲಿ ಹುಡುಗನಾಗಿ ಸ್ಪ್ಯಾನರ್ ಹಿಡಿದವರು. ಅವರು ಏನನ್ನೂ ಬಿಚ್ಚಲಿಲ್ಲ. ಎರಡೇ ಪ್ರಶ್ನೆ ಕೇಳಿದರು: ಗೇರ್ ಆಯಿಲ್ ಕಮ್ಮಿಯಾಗುತ್ತಿದೆಯಾ? ಬಿಳಿ ಹೊಗೆ ಬರುತ್ತಿದೆಯಾ? ಎರಡಕ್ಕೂ ಇಲ್ಲ ಎಂದೆ. 'ಹಾಗಾದರೆ ಮ್ಯಾಗ್ನೆಟ್ ಕಡೆ ನೋಡೋಣ ತಂಬಿ' ಎಂದರು.

ಇದರ ಹಿಂದಿನ ತರ್ಕ ಸರಳ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಆಯಿಲ್ ಸೀಲ್ ಹೋದರೆ ನೆಲಕ್ಕೆ ಎಣ್ಣೆ ತೊಟ್ಟಿಕ್ಕುತ್ತದೆ, ಅಷ್ಟೇ. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಬರುವುದೇ ಕ್ರ್ಯಾಂಕ್‌ಕೇಸಿಗೆ, ಅಲ್ಲಿಂದ ಸಿಲಿಂಡರಿಗೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯುತ್ತದೆ, ಬಿಳಿ ಹೊಗೆ ಬರುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಹೆಚ್ಚಾದರೆ ವೇಗ ಇಳಿಯದು, ಬಿಸಿ ಏರುತ್ತದೆ. ಟೂ-ಸ್ಟ್ರೋಕ್‌ಗೆ ಎಣ್ಣೆಯೂ ಪೆಟ್ರೋಲಿನ ಜೊತೆಯಲ್ಲೇ ಬರುವುದರಿಂದ ಪೆಟ್ರೋಲ್ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ. ಹಾಗೇ ಓಡಿಸಿದರೆ ಒಂದು ದಿನ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎತ್ತರದಿಂದ ಹಾರಿ ಇಳಿಯುವ ಬೈಕಿನಲ್ಲಿ ಹಿಂದಿನ ಚಕ್ರ ಹಠಾತ್ತನೆ ನಿಂತರೆ ಸವಾರನ ಗತಿ ಏನು?

ಊಹೆಯನ್ನು ಅಣ್ಣ ಪರೀಕ್ಷಿಸಿಯೂ ನೋಡಿದರು. ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್ ಬಿಚ್ಚಿ ಎರಡೂ ಬಾಯಿಗೆ ರಬ್ಬರ್ ಬಿರಡೆ ಬಡಿದರು. ರಕ್ತದೊತ್ತಡ ನೋಡುವ ಹಳೆಯ ಉಪಕರಣದ ಬಲ್ಬು ಒತ್ತಿ ಎಂಜಿನ್ನಿನೊಳಗೆ ಗಾಳಿ ತುಂಬಿದರು. ಇಂಥ ಪರೀಕ್ಷೆಗೆ ಬೇಕಾದದ್ದು ಸುಮಾರು 6 ಪಿಎಸ್‌ಐ ಒತ್ತಡ. ಬಿಪಿ ಉಪಕರಣದ ಮುಳ್ಳು 300ರ ಹತ್ತಿರ ಬಂದರೆ ಅಷ್ಟೇ ಆಗುತ್ತದೆ. ಮುಳ್ಳು ಕೆಲವು ನಿಮಿಷ ಅಲ್ಲಾಡದೆ ನಿಲ್ಲಬೇಕಿತ್ತು. ನಮ್ಮದು ಕಣ್ಣೆದುರೇ ಇಳಿಯಿತು. ಮ್ಯಾಗ್ನೆಟ್ ಕಳಚಿ ಸೋಪಿನ ನೀರು ಬಳಿದಾಗ ಸೀಲಿನ ಅಂಚಿನಲ್ಲಿ ಗುಳ್ಳೆ ಎದ್ದಿತು. ಸೀಲಿನ ಬೆಲೆ ಇನ್ನೂರು ರೂಪಾಯಿಯ ಒಳಗೆ. ಅಣ್ಣ ಕೇಳಿದ ಕೂಲಿ ಆರುನೂರು.

'ಇನ್ನೂರರ ಸೀಲಿಗೆ ಆರುನೂರು ಕೂಲಿಯಾ?' ಎಂದ ನನ್ನ ಗೆಳೆಯ. ಕಾಯಿಲೆ ಮುಟ್ಟದ ರಿಪೇರಿಗೆ ಒಂಬತ್ತು ಸಾವಿರವನ್ನು ಮರುಮಾತಿಲ್ಲದೆ ಕೊಟ್ಟವನು ಅವನೇ. ಏಕೆಂದರೆ ಆಗ ಕೈಗೆ ಡಬ್ಬಿಯಲ್ಲಿ ಹೊಸ ಸಾಮಾನು ಬಂದಿತ್ತು.

ನನ್ನ ತಕರಾರು ಇರುವುದು ಇಲ್ಲೇ. ನಾವು ಸಾಮಾನಿಗೆ ದುಡ್ಡು ಕೊಡುತ್ತೇವೆ, ತಿಳಿವಳಿಕೆಗೆ ಚೌಕಾಸಿ ಮಾಡುತ್ತೇವೆ. ವೈದ್ಯರು ನಾಡಿ ನೋಡಿ 'ಮಾತ್ರೆ ಬೇಡ, ವಿಶ್ರಾಂತಿ ಸಾಕು' ಎಂದರೆ ಫೀಸು ವಾಪಸ್ ಕೇಳುವುದಿಲ್ಲ. ಮೆಕ್ಯಾನಿಕ್ ಹಾಗೆಂದರೆ ಥ್ಯಾಂಕ್ಸ್ ಹೇಳಿ ಗಾಡಿ ತೆಗೆದುಕೊಂಡು ಬರುತ್ತೇವೆ. ಹುಡುಕುವ ಕೆಲಸಕ್ಕೆ ಕಾಸಿಲ್ಲ, ಬದಲಿಸುವ ಕೆಲಸಕ್ಕೆ ಮಾತ್ರ ಕಾಸು ಎಂದಾದರೆ ಯಾರು ಹುಡುಕುತ್ತಾರೆ? ಮೊದಲು ಹೋದ ವರ್ಕ್‌ಶಾಪಿನವರನ್ನು ನಾನು ಕಳ್ಳರು ಎನ್ನುವುದಿಲ್ಲ. ನಾವು ಕೂಲಿ ಕೊಡುವ ರೀತಿಯೇ ಅವರಿಗೆ ಆ ದಾರಿ ಕಲಿಸಿದೆ.

ಕನ್ನಡಿಗರಿಗೆ ಈ ತಿಳಿವಳಿಕೆಯ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಯಮಹಾ ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಆದರೂ ಇಂದು ಮೈಸೂರಿನ ಬೀದಿಯಲ್ಲಿ ಯೆಜ್ಡಿ ಸದ್ದು ಕೇಳುತ್ತದೆ. ಕಂಪನಿ ಇಲ್ಲದ ಇಷ್ಟು ವರ್ಷ ಆ ಗಾಡಿಗಳನ್ನು ಓಡಿಸಿದ್ದು ಯಾರು? ಬೀದಿ ಬದಿಯ ಮೆಕ್ಯಾನಿಕ್‌ಗಳು.

ಟೂ-ಸ್ಟ್ರೋಕ್ ಹೊಗೆಯುಗುಳುವ ಎಂಜಿನ್, ಹೋದರೆ ಒಳ್ಳೆಯದೇ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಕಾರ್ಬ್ಯುರೇಟರ್ ಇರುವ ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತದೆ. ದಿನಬಳಕೆಯ ರಸ್ತೆಯಿಂದ ಅದು ಮರೆಯಾಗಿದ್ದು ಸರಿಯೇ. ಆದರೆ ನಾನು ಕೇಳುತ್ತಿರುವುದು ಎಂಜಿನ್ ಉಳಿಸಿ ಎಂದಲ್ಲ. ಎಲೆಕ್ಟ್ರಿಕ್ ಸ್ಕೂಟರಿಗೂ ಇದೇ ಮಾತು. ಒಂದು ವೈರಿನ ತುದಿ ತುಕ್ಕು ಹಿಡಿದಿದ್ದಕ್ಕೆ ಇಡೀ ಕಂಟ್ರೋಲರ್ ಬದಲಿಸುವ ಪದ್ಧತಿ ಬಂದರೆ ಪರಿಸರಕ್ಕೆ ಉಳಿತಾಯವಾದದ್ದೇನು?

ಕೋಡಂಬಾಕ್ಕಂಗೆ ಕುಶಲಿಗಳನ್ನು ಕಳೆದುಕೊಳ್ಳುವುದು ಹೊಸತಲ್ಲ. ಒಂದು ಕಾಲಕ್ಕೆ ಕನ್ನಡ ಸಿನಿಮಾಗಳೂ ಈ ಕಡೆಯ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ಪಕ್ಕದ ವಡಪಳನಿಯಲ್ಲಿ ವಿಜಯಾ-ವಾಹಿನಿ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಆಸ್ಪತ್ರೆ, ಮಾಲ್. ಕ್ಯಾಮೆರಾ, ಲೈಟು, ಲ್ಯಾಬ್‌ಗಳ ಕೆಲಸ ಬಲ್ಲವರ ಕೈಚಳಕವನ್ನು ಯಾರು ಬರೆದಿಟ್ಟರು? ಅಣ್ಣನ ಬಳಿ ಇಬ್ಬರು ಹುಡುಗರಿದ್ದರು. ಒಬ್ಬ ಈಗ ಊಟ ಡೆಲಿವರಿ ಮಾಡುತ್ತಾನೆ, ಇನ್ನೊಬ್ಬ ಶೋರೂಮ್ ಸೇರಿದ. ಅವರನ್ನು ದೂರುವಂತಿಲ್ಲ, ಅಲ್ಲಿ ತಿಂಗಳಿಗೆ ಇಷ್ಟು ಎಂದು ಬರುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕಿ'ಗಾಗಿ ಸಮಿತಿ ಮಾಡಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಕೈಪಿಡಿ ಸಿಗಬೇಕು, ಬಿಡಿಭಾಗ ಸಿಗಬೇಕು ಎಂಬುದು ಒಳ್ಳೆಯ ಮಾತು. ಆದರೆ ಹಕ್ಕು ಸಿಗುವ ಹೊತ್ತಿಗೆ ರಿಪೇರಿ ಬಲ್ಲವರೇ ಇಲ್ಲದಿದ್ದರೆ?

ಸರ್ಕಾರಕ್ಕೆ ಕಾಯದೆ ನಾವು ಮಾಡಬಹುದಾದದ್ದು ಎರಡಿದೆ. ಗಾಡಿ ಬಿಡುವಾಗಲೇ 'ತೊಂದರೆ ಏನೆಂದು ಹುಡುಕುವುದಕ್ಕೆ ಎಷ್ಟು?' ಎಂದು ಕೇಳಿ, ಏನೂ ಬದಲಿಸದಿದ್ದರೂ ಅಷ್ಟು ಕೊಡುವುದು ಒಂದು. ಏನು ಪರೀಕ್ಷೆ ಮಾಡಿದರು, ಏನು ಸಿಕ್ಕಿತು ಎಂದು ಬಿಲ್ಲಿನ ಮೇಲೆ ಎರಡು ಸಾಲು ಬರೆಸಿಕೊಳ್ಳುವುದು ಇನ್ನೊಂದು. ಹಾಗೆ ಕೊಟ್ಟ ದುಡ್ಡಿನಲ್ಲಿ ಒಬ್ಬ ಹುಡುಗನಿಗೆ ಸಂಬಳ ಹುಟ್ಟುತ್ತದೆ, ಹಾಗೆ ಬರೆದ ಸಾಲಿನಿಂದ ಅವನಿಗೆ ಪಾಠ ಸಿಗುತ್ತದೆ. ಗಂಟೆ ಲೆಕ್ಕದಲ್ಲಿ ಸಂಬಳ ಎಣಿಸುವ ನಮ್ಮಂಥವರಿಗೆ ಇದು ದೊಡ್ಡ ಹೊರೆಯೇನಲ್ಲ.